ಮಗನ ವಿರುದ್ಧದ ಸಾಕ್ಷಿ

ಜುಲೈ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆ. ನಂಜನಗೂಡಿನ ಕಚೇರಿಯಲ್ಲಿ ವಕೀಲರು, ತಿ. ನರಸೀಪುರದಿಂದ ಬಂದಿದ್ದ ನನ್ನ ಸೊಸೆ ಮತ್ತು ನಾನು ಇದ್ದೆವು. ಎಂಟು ವರ್ಷದ ಮೊಮ್ಮಗಳನ್ನು ನನ್ನ ಮಗನಿಂದ ಬಿಡಿಸಿ ತನಗೆ ಒಪ್ಪಿಸಬೇಕೆಂದು ಸೊಸೆ ಅರ್ಜಿ ಹಾಕುವವಳಿದ್ದಳು. ನಾನು ಅವಳ ಪರ ಸಾಕ್ಷಿ.

"ಹೆತ್ತ ಮಗನ ಮೇಲೇ ಕಣಮ್ಮ. ಇನ್ನೊಂದ್ಸಲ ಯೋಚ್ನೆ ಮಾಡಿ," ಎಂದರು ವಕೀಲರು.

"ಯೋಚ್ನೆ ಮಾಡೇ ಬಸ್ಸತ್ತಿದ್ದು ಸಾ. ಬರ್ಕೊಳಿ."

ಎರಡು ವರ್ಷದ ಹಿಂದೆ ಗಂಡ ಹೆಂಡತಿ ಬೇರೆಯಾದಾಗ ಮಗುವನ್ನು ಮಗನಿಗೆ ಕೊಡಿಸಿದವಳೂ ನಾನೇ. ನರ್ಸಾಗಿದ್ದ ನನಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. ಐದೂವರೆಗೆ ಎಬ್ಬಿಸುವುದು, ಎರಡು ಜಡೆ, ಇಸ್ತ್ರಿ ಹಾಕಿದ ಸಮವಸ್ತ್ರ, ಎಲ್ಲ ನನ್ನದೇ. ಅದನ್ನು ನೋಡಿ ಕೋರ್ಟು ಮಗನ ಮನೆ ಒಪ್ಪವಾಗಿದೆ ಎಂದಿತು. ಅವನು ಕುಡಿಯುವುದನ್ನು ನಾನು ಹೇಳಲಿಲ್ಲ. ಮಗು ಜೊತೆಗೇ ಉಳಿದರೆ ಕುಡಿತ ಬಿಡುತ್ತಾನೆ ಎಂದುಕೊಂಡಿದ್ದೆ. ಕಳೆದ ತಿಂಗಳು ಕಣ್ಣಿನ ಆಪರೇಷನ್ನಿಗೆಂದು ಮೂರು ದಿನ ಮೈಸೂರಿನಲ್ಲಿದ್ದೆ. ಆ ಮೂರು ದಿನವೂ ಮಗು ಶಾಲೆಗೆ ಹೋಗಲಿಲ್ಲ. ಊಟ ಹಾಕಿದ್ದು ಪಕ್ಕದ ಮನೆಯವರು.

"ಈ ಮಾತು ಅವತ್ತೇ ಆಡಿದ್ರೆ ಎರಡ್ವರ್ಷ ನನ್ ಮಗಳ ಜಡೆ ನಾನೇ ಆಕ್ತಿದ್ದೆ ಅತ್ತೆ," ಎಂದಳು ಸೊಸೆ.

ವಕೀಲರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿದೆ.

ಸಂಜೆ ಆರಕ್ಕೆ ಮಗ ಬಂದ. ಇನ್ನೂ ಕುಡಿದಿರಲಿಲ್ಲ, ಆಗಲೇ ಹೇಳಿಬಿಟ್ಟೆ.

"ಅವಳೇ ನಿನ್ ಕೈಲಿ ಬರ್ಸುದ್ಲಾ ಅವ್ವ?"

"ಇಲ್ಲ ಕಣಪ್ಪ, ನಾನೇ ಬರ್ಸ್ದೆ."

ಅವನು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಟ. ನಾನು ಮಗುವಿನಿಂದ ಮಗ್ಗಿ ಒಪ್ಪಿಸಿಕೊಂಡು, ಊಟ ಹಾಕಿ, ಎಂಟೂವರೆಗೆ ಮಲಗಿಸಿದೆ.