ಟೈಲರಮ್ಮನ ಕಣ್ಣಿನ ದುಡ್ಡು

ಆ ಬೀದಿಯಲ್ಲಿ ದುಡ್ಡಿಡಲು ಮೂರು ಜಾಗಗಳಿದ್ದವು: ಅಂಚೆ ಕಚೇರಿ, ಅಂಗಡಿಯವರೆಲ್ಲ ಸೇರಿ ಕಟ್ಟಿದ ಸಹಕಾರ ಸಂಘ, ಮೂಲೆಯ ಸಣ್ಣ ಬ್ಯಾಂಕು. ಬಡ್ಡಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆದರೂ ಜನ ಬ್ಯಾಂಕಿಗೇ ಹೋಗುತ್ತಿದ್ದದ್ದು ಕ್ಯಾಷಿಯರಕ್ಕನ ಮುಖ ನೋಡಿ. ಇಪ್ಪತ್ತೇಳು ವರ್ಷದಿಂದ ಅವಳು ಅದೇ ಕಿಟಕಿಯ ಹಿಂದೆ ಕೂತಿದ್ದಳು. ಓದು ಬಾರದವರ ಫಾರಂ ತುಂಬಿಕೊಡುತ್ತಿದ್ದಳು, ಹರಿದ ನೋಟನ್ನು ಮುಖ ಸಿಂಡರಿಸದೆ ತಗೊಳ್ಳುತ್ತಿದ್ದಳು. "ಈ ದುಡ್ಡು ನಿಮಗೆ ಯಾವಾಗ ಬೇಕಾಗುತ್ತೆ?" ಎಂದು ಕೇಳದೆ ಯಾರ ಠೇವಣಿಯನ್ನೂ ಬರೆದವಳಲ್ಲ.

ಒಂದು ವರ್ಷ ದೊಡ್ಡ ಬ್ಯಾಂಕೊಂದು ಈ ಸಣ್ಣದನ್ನು ನುಂಗಿತು. ಹೊಸ ಮ್ಯಾನೇಜರ್ ಬಂದ. ಠೇವಣಿದಾರರನ್ನು ಷೇರು ಫಂಡಿನತ್ತ ತಿರುಗಿಸಬೇಕು, ತಿಂಗಳಿಗೆ ಇಪ್ಪತ್ತು ಜನ ಎಂದ.

"ಮಾರುಕಟ್ಟೆ ಬಿದ್ದರೆ ಸಾರ್?"

"ಬಿದ್ದದ್ದು ಏಳುತ್ತೆ ಮೇಡಂ. ಅಂದಹಾಗೆ, ನಿಮಗೆ ರಿಟೈರ್‌ಮೆಂಟಿಗೆ ಇನ್ನೆಷ್ಟು ವರ್ಷ ಇದೆ?"

ಆ ಪ್ರಶ್ನೆ ಯಾಕೆ ಬಂತೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ತಿಂಗಳು ಹತ್ತೊಂಬತ್ತು ಜನ ಹೇಗೋ ಆದರು. ಇಪ್ಪತ್ತನೆಯವಳು ಟೈಲರಮ್ಮ. ಎದುರು ಸಾಲಿನಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ವಿಧವೆ, ಕ್ಯಾಷಿಯರಕ್ಕನ ಜೊತೆ ಮಧ್ಯಾಹ್ನದ ಬುತ್ತಿ ಹಂಚಿಕೊಂಡು ಉಣ್ಣುವ ಗೆಳತಿ. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದ ಅವಳ ಠೇವಣಿಯ ಅವಧಿ ಮುಗಿದಿತ್ತು.

"ಹೊಸದೇನೋ ಬಂದಿದೆಯಂತಲ್ಲ. ಹಾಕಲೇನೇ?"

"ಎಲ್ಲಾ ಹಾಕ್ತಿದ್ದಾರೆ. ಬಡ್ಡಿಗಿಂತ ಜಾಸ್ತಿ ಬರುತ್ತಂತೆ."

"ನೀನು ಹೇಳಿದ ಮೇಲೆ ಮುಗೀತು ಬಿಡು."

ಕ್ಯಾಷಿಯರಕ್ಕ ಅವತ್ತು ತನ್ನ ಮಾಮೂಲಿ ಪ್ರಶ್ನೆ ಕೇಳಲಿಲ್ಲ. ಟೈಲರಮ್ಮನ ಎರಡೂ ಕಣ್ಣಿಗೆ ಒಂದು ವರ್ಷದೊಳಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದು ಅವಳಿಗೆ ಗೊತ್ತಿತ್ತು. ಕೇಳಿದ್ದರೆ ಉತ್ತರ ಬರುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಎಂಟು ತಿಂಗಳಿಗೆ ಮಾರುಕಟ್ಟೆ ಕುಸಿಯಿತು. ಆರು ವಾರ ಬಿಡದೆ ಇಳಿಯಿತು. ಜನ ಕೌಂಟರಿಗೆ ಮುತ್ತಿದರು. ಮ್ಯಾನೇಜರ್ ಮೀಟಿಂಗ್ ಎಂದು ಬಾಗಿಲು ಹಾಕಿಕೊಂಡ. ಟೈಲರಮ್ಮ ಬ್ಯಾಂಕಿನಿಂದ ಬಂದ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು.

"ನನ್ನ ದುಡ್ಡಲ್ಲಿ ಮೂರನೇ ಒಂದು ಪಾಲು ಯಾರು ತಗೊಂಡ್ರು?"

"ಯಾರೂ ತಗೊಂಡಿಲ್ಲ ಕಣೇ. ಷೇರಿನ ಬೆಲೆ ಇಳಿದಿದೆ ಅಷ್ಟೆ. ಈಗ ಮಾರಿದರೆ ನಷ್ಟ ಖಾಯಂ ಆಗುತ್ತೆ. ಒಂದೆರಡು ವರ್ಷ ಕಾಯಿ, ಏಳುತ್ತೆ."

"ನನ್ನ ಕಣ್ಣು ಕಾಯುತ್ತೇನೇ?"

"ಕಡಿಮೆ ಬಿದ್ದದ್ದು ನಾನು ಹಾಕ್ತೀನಿ."

"ನಿನ್ನ ದಾನ ಯಾರಿಗೆ ಬೇಕು? ನಿನಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು."

"ಮಾರೋ ಫಾರಂ ಕೊಡು."

ಫಾರಂ ತುಂಬಿದವಳೂ ಕ್ಯಾಷಿಯರಕ್ಕನೇ, ಬೆರಳಿಟ್ಟು ಸಹಿ ಹಾಕುವ ಜಾಗ ತೋರಿಸಿದವಳೂ ಅವಳೇ.

ಬಂದ ದುಡ್ಡು ಒಂದು ಕಣ್ಣಿಗೆ ಸಾಲಿತು. ಇನ್ನೊಂದು ಹೋಯಿತು. ಹೊಲಿಗೆ ಅಂಕುಡೊಂಕಾಗತೊಡಗಿದ ಮೇಲೆ ಶಾಲೆಯವರು ಬೇರೆ ಟೈಲರನ್ನು ಹುಡುಕಿಕೊಂಡರು.

ಕ್ಯಾಷಿಯರಕ್ಕ ಹೆಡ್ಡಾಫೀಸಿಗೆ ಪತ್ರ ಬರೆದಳು, ತನ್ನ ತಪ್ಪನ್ನೂ ಸೇರಿಸಿ. ಗ್ರಾಹಕರ ಸಹಿ ಇದೆ, ಎಲ್ಲವೂ ನಿಯಮದಂತೆ ನಡೆದಿದೆ ಎಂದು ಉತ್ತರ ಬಂತು. ಹಿಂದೆಯೇ ವರ್ಗಾವಣೆಯ ಆದೇಶ: ನೆಲಮಾಳಿಗೆಯ ರೆಕಾರ್ಡ್ ರೂಮಿಗೆ. ಅಲ್ಲಿ ಧೂಳು ಕುಡಿಯುತ್ತ ಕೂತಿದ್ದಾಗಲೇ ಮಾರುಕಟ್ಟೆ ಎದ್ದಿತು, ಮೊದಲಿಗಿಂತ ಎತ್ತರಕ್ಕೆ. ಮ್ಯಾನೇಜರಿಗೆ ಬಡ್ತಿ ಸಿಕ್ಕಿತು. ಅವನು ಹೇಳಿದ್ದು ಸುಳ್ಳೇನಾಗಿರಲಿಲ್ಲ.

ನಿವೃತ್ತಿಯ ಹಣ ಇಡಲು ಅವಳು ಸಹಕಾರ ಸಂಘಕ್ಕೆ ಹೋದಳು. ಸಾಲಿನಲ್ಲಿ ಮುಂದೆ ಮಗಳ ತೋಳು ಹಿಡಿದು ಟೈಲರಮ್ಮ ನಿಂತಿದ್ದಳು.

"ಹೇಗಿದ್ದೀಯೇ?" ಎಂದಳು ಕ್ಯಾಷಿಯರಕ್ಕ.

ಟೈಲರಮ್ಮ ದನಿ ಬಂದ ಕಡೆ ಮುಖ ತಿರುಗಿಸಿ, ಉಳಿದ ಒಂದು ಕಣ್ಣಿನಿಂದ ಅವಳನ್ನು ಗುರುತಿಸಿ, ಸ್ವಲ್ಪ ಸರಿದು ದಾರಿ ಬಿಟ್ಟಳು.

"ನಿಮಗೆ ಅವಸರ ಇದ್ದರೆ ಮುಂದೆ ಹೋಗಿ ಮೇಡಂ," ಎಂದಳು.