ಕಂಬದ ಹಿಂದಿನ ಸೀಟು

ಫುಟ್‌ಬಾಲ್ ಮೈದಾನಕ್ಕೆ ಬಂದು ಆಟಕ್ಕೆ ಬೆನ್ನು ತಿರುಗಿಸಿ ನಿಲ್ಲುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಡಾಕ್ಟರ್ ಗುರುನಾಥ ಹಂಪಿಹೊಳಿ. ಬೂದು ಓವರ್‌ಕೋಟು, ಕಿವಿ ಮುಚ್ಚುವ ಮಂಕಿ ಕ್ಯಾಪು, ಎರಡೂ ಕೈ ಬೆನ್ನ ಹಿಂದೆ. ಹಿಂದುಗಡೆ ಹುಡುಗರು ಕೆಸರಿನಲ್ಲಿ ಬಿದ್ದು ಎದ್ದು ಕಿರುಚಾಡುತ್ತಿದ್ದರೂ ಇವರ ಕಣ್ಣು ಮಾತ್ರ ಎದುರಿನ ಸ್ಟ್ಯಾಂಡಿನ ಮೇಲೆ. ಒಂದು ಸಲ ಚೆಂಡು ಬಂದು ಬೆನ್ನಿಗೇ ಬಡಿಯಿತು. ಆಗಲೂ ತಿರುಗಲಿಲ್ಲ. ತಪ್ಪು ತಮ್ಮದೇ ಎನ್ನುವ ಹಾಗೆ "ಸಾರಿ" ಎಂದು ಪಕ್ಕಕ್ಕೆ ಸರಿದು ನಿಂತರು.

"ಏನ್ ಡಾಕ್ಟ್ರೇ, ಆಟ ಆ ಕಡೆ ನಡೀತಿದೆ" ಎಂದೆ.

"ನಾ ಅನಸ್ತೇಶಿಯಾದಾಂವ ತಂಗಿ. ಹೊಟ್ಟಿ ಕೊಯ್ಯೋದು ನೋಡಲಿಕ್ಕೆ ಸರ್ಜನ್ ಇರ್ತಾನ. ಇಷ್ಟ ವರ್ಷ ನಾ ನೋಡಿದ್ದು ಮಾರಿ ಅಷ್ಟ" ಎಂದರು. ಆ ಉತ್ತರ ಅರ್ಧ ಮಾತ್ರ ನಿಜ.

ನಾನಾಗ ಲಂಡನ್ನಿನ ಸ್ಟ್ರಾಟ್‌ಫರ್ಡ್ ಕಡೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಹದಿನಾರು ದಾಟಿದ ಹುಡುಗ ಹುಡುಗಿಯರು ಎರಡು ಮೂರು ವರ್ಷ ಓದಿ ಹೋಗುವ ಕಾಲೇಜು. ಅದಕ್ಕೊಂದು ಫುಟ್‌ಬಾಲ್ ಮೈದಾನ, ಮೈದಾನದ ಒಂದು ಬದಿಗೆ ಮರದ ಬೆಂಚುಗಳ ಹಳೇ ಸ್ಟ್ಯಾಂಡು. ಬೋರ್ಡಿನ ಮೇಲೆ ಸ್ಟೇಡಿಯಂ ಎಂದೇನೋ ಬರೆದಿತ್ತು, ಆದರೆ ನಮ್ಮೂರ ಸಿಟಿ ಬಸ್‌ಸ್ಟಾಂಡೇ ಅದಕ್ಕಿಂತ ಗಟ್ಟಿಯಾಗಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೌನ್ಸಿಲಿನ ಇಂಜಿನಿಯರು ಬಂದು ನೋಡಿ, ಚಾವಣಿ ಯಾವಾಗ ಬೇಕಾದರೂ ಕುಸಿಯಬಹುದೆಂದು ಬೀಗ ಹಾಕಿಸಿದ. ರಿಪೇರಿಯ ಅರ್ಧ ಹಣವನ್ನು ಕಾಲೇಜು ಎತ್ತಿದರೆ ಉಳಿದರ್ಧ ಸರ್ಕಾರದ ಕಡೆಯಿಂದ ಬರುತ್ತದೆ, ಎತ್ತದಿದ್ದರೆ ಮೈದಾನ ಫ್ಲ್ಯಾಟ್ ಕಟ್ಟುವವರ ಪಾಲಾಗುತ್ತದೆ ಎಂದು ಪ್ರಿನ್ಸಿಪಾಲರು ನೋಟಿಸು ಅಂಟಿಸಿದರು.

ಆ ನೋಟಿಸು ಓದಿಕೊಂಡೇ ಡಾಕ್ಟರು ಒಳಗೆ ಬಂದದ್ದು. ಮೊದಲು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೇಜಿನ ಮೇಲೆ 'ವಾಸಂತಿ' ಎಂದಿದ್ದ ನನ್ನ ಹೆಸರನ್ನೂ, ಕೊರಳಲ್ಲಿದ್ದ ಕರಿಮಣಿಯನ್ನೂ ನೋಡಿ, "ಕನ್ನಡದವರೇನವಾ?" ಎಂದರು. ಹೌದು, ಮೈಸೂರು ಎಂದೆ. ಕುರ್ಚಿ ಎಳೆದು ಕೂತು, ಲ್ಯಾಬ್ ರಿಪೋರ್ಟು ಓದುವವರ ದನಿಯಲ್ಲಿ ಹೇಳಿದರು: "ನಮ್ಮ ಹುಡುಗ ಇಲ್ಲೇ ಕಲತಾಂವ. ಗೋಲ್‌ಕೀಪರ್ ಆಗಿದ್ದ. ಅವನ ಆಟಾ ಇದ್ದಾಗೆಲ್ಲಾ ನಮ್ಮಾಕಿ ಇಂದಿರಾ ಬಂದು ಆ ಸ್ಟ್ಯಾಂಡಿನಾಗ ಕೂಡತಿದ್ಲು. ನಾ ಸೆಕೆಂಡ್ ಹಾಫಿಗೆ ಬರ್ತೇನಿ ಅಂತ ಹೇಳೇ ಮನಿ ಬಿಡತಿದ್ದೆ. ಒಮ್ಮೆನೂ ಬರಲಿಲ್ಲ. ಈಗ ಆಕಿ ಇಲ್ಲ. ಆ ಜಾಗಾದರೂ ಇರಲಿ ಅಂತ."

ಅಷ್ಟೇ. ಕಣ್ಣು ಒದ್ದೆಯಾಗಲಿಲ್ಲ, ದನಿ ನಡುಗಲಿಲ್ಲ. ನನಗೂ ಅಯ್ಯೋ ಅನ್ನಿಸಲಿಲ್ಲ, ಇದನ್ನು ಮುಚ್ಚಿಟ್ಟು ಏನಾಗಬೇಕು? ಆ ವರ್ಷ ಮೈಸೂರಿನಲ್ಲಿ ನಮ್ಮಮ್ಮ ತೀರಿಕೊಂಡಿದ್ದರು. ಪಾಸ್‌ಪೋರ್ಟು ಇಲ್ಲಿನ ವೀಸಾ ನವೀಕರಣಕ್ಕೆಂದು ಹೋಗಿತ್ತು, ನನಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ, ಸ್ನಾನ ಮಾಡಿ, ಮಾರನೆಯ ದಿನ ಟ್ಯೂಬ್ ರೈಲು ಹತ್ತಿ ಆಫೀಸಿಗೆ ಬಂದಿದ್ದೆ. ಅಳುವೇ ಬರಲಿಲ್ಲ. ಮರಗಟ್ಟಿದ ಕಾಲನ್ನು ಎಳೆದುಕೊಂಡು ಓಡಾಡುವ ಹಾಗೆ ಓಡಾಡುತ್ತಿದ್ದೆ. ಪರಿಚಯವಾಗಿ ಸ್ವಲ್ಪ ದಿನಕ್ಕೆ ಇದನ್ನು ಡಾಕ್ಟರಿಗೆ ಹೇಳಿ, ನಾನೇನು ಕಲ್ಲೇ ಎಂದು ಕೇಳಿದೆ.

"ಕಲ್ಲು ಗಿಲ್ಲು ಏನೂ ಅಲ್ಲ. ಮೈ ಜೋಮು ಹಿಡದಾಗ ನೋವ ಹೋಗಿರಂಗಿಲ್ಲ ತಂಗಿ. ಸುದ್ದಿ ಮುಟ್ಟಿರಂಗಿಲ್ಲ ಅಷ್ಟ" ಎಂದರು.

ಸ್ಟ್ಯಾಂಡಿನ ಕಮಿಟಿಯಲ್ಲಿ ಆಟದ ಮೇಷ್ಟ್ರು ಟೋನಿ, ಪ್ರಿನ್ಸಿಪಾಲರು, ಇಬ್ಬರು ಪೋಷಕರು, ಡಾಕ್ಟರು ಮತ್ತು ಚಹಾ ತಂದುಕೊಡುವ ನಾನು. ಕೇಕು ಮಾರೋಣ, ಓಟದ ಪಂದ್ಯ ಇಡೋಣ, ಲಾಟರಿ ಚೀಟಿ ಹರಿಯೋಣ ಎಂದು ಅವರೆಲ್ಲ ಹೇಳಿದ್ದನ್ನು ಡಾಕ್ಟರು ತಲೆ ಅಲ್ಲಾಡಿಸುತ್ತ ಕೇಳಿದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಅದರಾಗ ಮೊಳಿ ಬರತಾವ, ಚಾವಣಿ ಬರಂಗಿಲ್ಲ" ಎಂದರು. ಅವರು ಹಿಡಿದದ್ದು ನಮ್ಮ ಮಠ ಗುಡಿಗಳ ದಾರಿ. ಅಲ್ಲಿ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುತ್ತಾರಲ್ಲ, ಬೆಳಕು ಬರದಿದ್ದರೂ ಹೆಸರು ಓದಲಿಕ್ಕೆ ಬರಬೇಕು, ಹಾಗೆ. ಸ್ಟ್ಯಾಂಡಿನ ಒಂದೊಂದು ಸೀಟಿಗೂ ಒಂದೊಂದು ಹಿತ್ತಾಳೆ ತಗಡು, ಅದರ ಮೇಲೆ ಹಣ ಕೊಟ್ಟವರು ಹೇಳಿದ ಹೆಸರು. ಇಂಗ್ಲಿಷರಿಗೂ ಪಾರ್ಕಿನ ಬೆಂಚುಗಳ ಮೇಲೆ ಸತ್ತವರ ಹೆಸರು ಹಾಕುವ ಅಭ್ಯಾಸವಿದ್ದದ್ದರಿಂದ ಟೋನಿಗೆ ಇದು ತನ್ನದೇ ಯೋಚನೆ ಅನ್ನಿಸಿಬಿಟ್ಟಿತು.

ಹಣ ಕೇಳುವುದರಲ್ಲಿ ಡಾಕ್ಟರದು ಅವರ ವೃತ್ತಿಯದೇ ಕೈಚಳಕ. ನೇರವಾಗಿ ಕೇಳಿದವರೇ ಅಲ್ಲ. ಪಕ್ಕದಲ್ಲಿ ಕೂತು, ಮಂಡಿನೋವು ಹೇಗಿದೆ, ನಿದ್ದೆ ಬರುತ್ತದೆಯೇ, ಊರಲ್ಲಿ ಯಾರಿದ್ದಾರೆ ಎಂದು ಮೆಲ್ಲಗೆ ಮಾತಾಡುತ್ತ ಹೋಗುವರು. ಮಾತು ಮುಗಿಯುವಷ್ಟರಲ್ಲಿ ಚೆಕ್‌ಬುಕ್ ಹೊರಗೆ ಬಂದಿರುತ್ತಿತ್ತು. ಕೊಟ್ಟವರಿಗೆ ನೋವೇ ತಿಳಿಯುತ್ತಿರಲಿಲ್ಲ.

ನಾನಿದ್ದ ಈಸ್ಟ್ ಹ್ಯಾಮಿನ ಒಂದು ಸಭಾಂಗಣದಲ್ಲಿ ನಮ್ಮವರು ಯುಗಾದಿಗೆ ಸೇರಿದ್ದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಮೈಸೂರಿನ ಡಾಕ್ಟರೊಬ್ಬರ ಹೆಂಡತಿ ಲಲಿತಮ್ಮ ಹೋಳಿಗೆ ಬಡಿಸುತ್ತಿದ್ದರು. ತೀರಿಹೋದ ಅವರ ಮಾವನ ಹೆಸರಿಗೊಂದು ಸೀಟು ಎನ್ನುವಲ್ಲಿಗೆ ಡಾಕ್ಟರು ಮಾತು ತಂದರು. "ಫುಟ್‌ಬಾಲಿಗಾ? ನಮ್ಮ ಮಾವನವರು ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ ಡಾಕ್ಟ್ರೇ!"

"ಈಗ ಮುಟ್ಟಲಿ ಬಿಡ್ರಿ. ಬ್ಯಾಡ ಅನ್ನಾವ್ರು ಯಾರಿದ್ದಾರ?"

ಲಲಿತಮ್ಮ ನಕ್ಕುಬಿಟ್ಟರು. ನಕ್ಕ ಮೇಲೆ ಕೊಡದೆ ಇರುವುದು ಕಷ್ಟ. ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ, ಹಾಗಾದರೆ ಮುತ್ತಾತನ ಮೇಲೆ ನಾನು ಕೂರಬಹುದಾ ಎಂದು ಕೇಳಿದಳು. ಥೂ, ಬಿಡ್ತು ಅನ್ನು ಎಂದು ಗದರಿದರೇ ಹೊರತು, ಮಗು ಕೇಳಿದ್ದು ಸರಿಯಾದ ಪ್ರಶ್ನೆಯೆಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನಾನೂ ಅಮ್ಮನ ಹೆಸರಿಗೆ ಒಂದು ಸೀಟು ಬರೆಸಿದೆ.

ಹಣ ಕೂಡಿತು. ಆರ್ಕಿಟೆಕ್ಟು ನಕ್ಷೆ ತಂದು ಮೇಜಿನ ಮೇಲೆ ಹರಡಿದ. ಚೆಂದದ ನಕ್ಷೆ. ಮರದ ಬೆಂಚುಗಳ ಬದಲು ನೀಲಿ ಪ್ಲಾಸ್ಟಿಕ್ ಸೀಟುಗಳು, ಹಳೇ ಕಬ್ಬಿಣದ ಕಂಬಗಳೆಲ್ಲ ಹೋಗಿ ಕಂಬವೇ ಇಲ್ಲದ ಹೊಸ ಚಾವಣಿ. ಎಲ್ಲರೂ ವಾಹ್ ಎಂದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೊನೆಯ ಕಂಬವಿದ್ದ ಜಾಗದ ಮೇಲೆ ಬೆರಳಿಟ್ಟು, ಈ ಕಂಬ ಇರಲೇಬೇಕು ಎಂದರು. ಅದರ ಹಿಂದೆ ಕೂತವರಿಗೆ ಗೋಲೇ ಕಾಣುವುದಿಲ್ಲ ಎಂದ ಆರ್ಕಿಟೆಕ್ಟು. ಕಾಣದಿದ್ದರೆ ಬೇಡ ಎಂದರು. ಟೋನಿ ತಮಾಷೆ ಮಾಡಿದ, ಪ್ರಿನ್ಸಿಪಾಲರು ಸಮಾಧಾನ ಹೇಳಿದರು. ಇವರು ಬೆರಳು ತೆಗೆಯಲಿಲ್ಲ. ಮುದುಕನಿಗೆ ಅರುಳು ಮರುಳು ಎಂದು ನನಗೂ ರೇಗಿತು. ಅಷ್ಟೆಲ್ಲ ಓಡಾಡಿ ಹಣ ತಂದವರು ಈಗ ಒಂದು ತುಕ್ಕು ಹಿಡಿದ ಕಂಬಕ್ಕೆ ಜೋತುಬೀಳುವುದೇ? ಕೊನೆಗೆ ಕಂಬಗಳನ್ನು ಉಳಿಸಿಕೊಂಡರೆ ಖರ್ಚು ಕಡಿಮೆಯೆಂದು ಲೆಕ್ಕ ಸಿಕ್ಕಿ, ಕಮಿಟಿ ಒಪ್ಪಿತು.

ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಮುಖ ನೋಡಿ ಅವರೇ ಬಾಯಿಬಿಟ್ಟರು. "ಲೀಡ್ಸಿಗೆ ಫೋನ್ ಮಾಡಿದ್ದೆ, ಹುಡುಗಗ. ನಿಮ್ಮವ್ವ ಎಲ್ಲಿ ಕೂಡತಿದ್ಲೋ ಅಂತ ಕೇಳಿದೆ. ಆ ತುದೀ ಕಂಬದ ಹಿಂದ ಡ್ಯಾಡ್, ಇದ್ದದ್ದರಾಗ ಅಗದೀ ಕೆಟ್ಟ ಸೀಟು, ಮುಂದ ಬಾ ಅಂತ ಎಷ್ಟು ಸಲ ಹೇಳಿದೆ, ಕೇಳಲಿಲ್ಲ ಅಂದ. ಕಂಬಾ ತಗದ್ರ ನಾ ಆ ಜಾಗಾ ಹ್ಯಾಂಗ ಗುರ್ತು ಹಿಡೀಲಿ?"

ನನ್ನ ಸಿಟ್ಟು ಇಳಿದುಹೋಯಿತು. ಬಸ್ಸು ಬಂತು ಡಾಕ್ಟ್ರೇ ಎಂದೆ.

ಹೊಸ ಸ್ಟ್ಯಾಂಡು ತೆರೆದ ದಿನ ಲಂಡನ್ನಿನ ಮೂಲೆಮೂಲೆಯಿಂದ ನಮ್ಮವರು ಬಂದರು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಡಬ್ಬಿಗಳಲ್ಲಿ ಚಕ್ಕುಲಿ. ಬಂದವರೆಲ್ಲ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತುಬಿಟ್ಟರು. ಟೋನಿ ಹಿತ್ತಾಳೆ ತಗಡುಗಳನ್ನು ಬೆನ್ನೊರಗುವ ಕಡೆ ಹಾಕಿಸದೆ ಕೂರುವ ಕಡೆಯೇ ಹಾಕಿಸಿದ್ದ. "ಅಪ್ಪನ ಹೆಸರಿನ ಮೇಲೆ ಹೇಗ್ರೀ ಕೂತ್ಕೊಳೋದು?" ಎಂದು ಒಬ್ಬರು ಕೇಳಿದ್ದೇ ತಡ, ಯಾರೂ ಕೂರಲೊಲ್ಲರು. ಟೋನಿ ಕಕ್ಕಾಬಿಕ್ಕಿ. ಕಾಲೇಜಿನ ಹುಡುಗನೊಬ್ಬ ಮಾತ್ರ ಲಲಿತಮ್ಮನ ಮಾವನವರ ಮೇಲೆ ಆರಾಮವಾಗಿ ಕೂತು ಚಿಪ್ಸು ತಿನ್ನುತ್ತಿದ್ದ.

ಡಾಕ್ಟರು ಕೆಳಗಿನಿಂದಲೇ, "ಗುಡೀ ಮೆಟ್ಟಲದ ಮ್ಯಾಲೆ ಹೆಸರು ಕೆತ್ತಸ್ತಾರಲ್ರೀ, ಮಂದಿ ತುಳೀಲಿ ಅಂತನ ಅಲ್ಲೇನು? ಕೂಡ್ರಿ ಕೂಡ್ರಿ!" ಎಂದು ಕೂಗಿದರು. ಆ ಮಾತು ಅರ್ಧ ಕೆಲಸ ಮಾಡಿತು. ಉಳಿದರ್ಧವನ್ನು ಲಲಿತಮ್ಮನೇ ಬಗೆಹರಿಸಿದರು. ಪಕ್ಕದವರ ಸೀಟಿನಲ್ಲಿ ಕೂತು, ತಮ್ಮ ಮಾವನವರ ಸೀಟಿನಿಂದ ಹುಡುಗನನ್ನು ಎಬ್ಬಿಸಿ ಅಲ್ಲಿ ಪಕ್ಕದವರನ್ನು ಕೂರಿಸಿದರು. ಬೇರೆಯವರ ಅಪ್ಪಂದಿರ ಮೇಲೆ ಕೂರಲು ಯಾರದೂ ಅಡ್ಡಿಯಿರಲಿಲ್ಲ. ಹೀಗೆ ಅದಲುಬದಲಾಗಿ ಸ್ಟ್ಯಾಂಡು ತುಂಬಿತು. ನಾನು ಅಮ್ಮನ ಸೀಟನ್ನು ಸೆರಗಿನಿಂದ ಒರೆಸಿ ಬೇರೆ ಕಡೆ ಹೋಗಿ ಕೂತೆ. ಆಗಲೂ ಏನೂ ಅನ್ನಿಸಲಿಲ್ಲ.

ತುದಿಯ ಕಂಬದ ಹಿಂದಿನ ಸೀಟಿಗೆ ಮಾತ್ರ ತಗಡು ಇರಲಿಲ್ಲ. ಹೆಸರು ಹಾಕಿಸಿ ಎಂದರೆ, "ಆಕಿ ಹೆಸರಿನ ಮ್ಯಾಲೆ ಯಾರರೆ ಕೂತರ ನನಗ ಸರಿಬರಂಗಿಲ್ಲ. ನಾ ಗುಡಿ ಕಟ್ಟಸಾಂವ ಅಷ್ಟ, ಮೆಟ್ಟಲ ಆಗಲಿಕ್ಕೆ ಒಪ್ಪಾಂವ ಅಲ್ಲ" ಎಂದು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಅವರೂ ಅಲ್ಲಿ ಕೂರುತ್ತಿರಲಿಲ್ಲ. ರಿಟೈರಾದ ಮೇಲೆ ಆಟವಿದ್ದ ದಿನವೆಲ್ಲ ಬಂದು, ಮೈದಾನದ ಅಂಚಿನ ಗೆರೆಯ ಹತ್ತಿರ ಆಟಕ್ಕೆ ಬೆನ್ನು ಹಾಕಿ ನಿಂತು ಆ ಖಾಲಿ ಸೀಟನ್ನೇ ನೋಡುತ್ತಿದ್ದರು. ವರ್ಷಗಳು ಹಾಗೇ ಹೋದವು. ಹುಡುಗರು ಬದಲಾದರು, ಟೋನಿ ಬೇರೆ ಊರಿಗೆ ಹೋದ. ಹೊಸ ಹುಡುಗರು ಇವರನ್ನು ಸೆಕ್ಯೂರಿಟಿಯವನೆಂದು ತಿಳಿದು ಬ್ಯಾಗು ಕಾಯಲು ಕೊಡುತ್ತಿದ್ದರು. ಇವರೂ ಕಾಯುತ್ತಿದ್ದರು.

ಕೊನೆಯ ಸಲ ಬಂದಾಗ ಬಹಳ ಇಳಿದುಹೋಗಿದ್ದರು. ಓವರ್‌ಕೋಟೇ ಅವರನ್ನು ಹೊತ್ತುಕೊಂಡು ಬಂದಂತಿತ್ತು. ಆಟ ಶುರುವಾಗಿತ್ತು. ನನ್ನ ಆಫೀಸಿನ ಬಾಗಿಲಲ್ಲಿ ನಿಂತು, "ಇವತ್ತು ನಿಲ್ಲಲಿಕ್ಕೆ ಆಗಂಗಿಲ್ಲ ತಂಗಿ. ಕೂಡತೇನಿ. ಸ್ವಲ್ಪ ಕೈ ಕೊಡು" ಎಂದರು. ಅವರನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿ, ಕಂಬದ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಇಷ್ಟು ವರ್ಷದಲ್ಲಿ ಅವರು ಆಟದ ಕಡೆ ಮುಖ ಮಾಡಿದ್ದು ಅದೇ ಮೊದಲು.

ಬಹಳ ಹೊತ್ತು ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡಿದರು. ಹತ್ತಿರದ ಗೋಲು ಎದುರಿನ ಕಂಬಕ್ಕೆ ಪೂರ್ತಿ ಮರೆಯಾಗಿತ್ತು. ಇನ್ನೊಂದು ಎಷ್ಟು ದೂರವೆಂದರೆ, ಅಲ್ಲಿ ನಿಂತವನು ಮಗನೋ ಬೇರೆಯವರ ಮಗನೋ ತಿಳಿಯುವ ಹಾಗಿರಲಿಲ್ಲ.

"ಹುಡುಗನ ಮಾರೀನ ಕಾಣಂಗಿಲ್ಲಲ್ಲ ಇಲ್ಲಿಂದ" ಎಂದರು. "ಮತ್ತೇನ ನೋಡತಿದ್ಲು ಆಕಿ?"

ನಾನೂ ನೋಡಿದೆ. ಕಂಬದ ಈಚೆ, ನಮ್ಮೆದುರಿಗೆ ಸೀದಾ, ಮೈದಾನದ ಗೇಟು. ಗೇಟಿನಾಚೆ, ಡಾಕ್ಟರು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಕಡೆಯಿಂದ ಬರುವ ಬಸ್ಸು ನಿಲ್ಲುವ ಜಾಗ. ಸ್ಟ್ಯಾಂಡಿನಲ್ಲಿ ಬೇರೆಲ್ಲಿ ಕೂತರೂ ಹುಡುಗರು ಬಟ್ಟೆ ಬದಲಿಸುವ ಕೋಣೆಗಳು ಅಡ್ಡ ಬಂದು ಗೇಟು ಕಾಣುವುದಿಲ್ಲ. ಆ ಕಾಲೇಜಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ನನಗೂ ಅದು ಗೊತ್ತಿರಲಿಲ್ಲ. ಒಂದು ಬಸ್ಸು ಬಂದು ನಿಂತಿತು. ಇಬ್ಬರು ಇಳಿದು ಬೇರೆ ಕಡೆ ನಡೆದರು.

"ಗೇಟ ಕಾಣತದ" ಎಂದರು ಡಾಕ್ಟರು.

ನಾನು ಅವರ ಮುಖ ನೋಡಿದೆ, ಅವರು ಜೀವಮಾನವಿಡೀ ಬೇರೆಯವರ ಮುಖ ನೋಡಿದಂತೆ. ಆ ಮುಖದಲ್ಲಿ ಏನೂ ಅಲುಗಲಿಲ್ಲ. ಒಂದೊಂದು ಬಸ್ಸು ಬಂದಾಗಲೂ ಕಣ್ಣು ಮಾತ್ರ ಇಳಿದವರನ್ನು ಗೇಟಿನವರೆಗೆ ಹಿಂಬಾಲಿಸಿ ವಾಪಸು ಬಸ್‌ಸ್ಟಾಪಿಗೆ ಹೋಗುತ್ತಿತ್ತು. ರೆಫರಿ ಸೀಟಿ ಊದಿದ. ಹುಡುಗರು ಕೈಕುಲುಕಿ ಹೊರಟರು.

"ಸೆಕೆಂಡ್ ಹಾಫ್ ಮುಗೀತೇನವಾ?"

"ಮುಗೀತು ಡಾಕ್ಟ್ರೇ. ಥಂಡಿ ಆಗ್ತಿದೆ, ಏಳಿ."

"ಹಂಗಾದರ ಇನ್ನ ಬರಂಗಿಲ್ಲ ಬಿಡು ಆಕಿ ಗಂಡ" ಎಂದು ಎದ್ದರು.

ಗೇಟಿನವರೆಗೂ ನನ್ನ ಕೈ ಬಿಡಲಿಲ್ಲ. ಅವರ ಬಸ್ಸು ಮೊದಲು ಬಂತು, ಹತ್ತಿಸಿದೆ. ಆಮೇಲೆ ನಾನವರನ್ನು ನೋಡಲಿಲ್ಲ. ಲೀಡ್ಸಿನಿಂದ ಅವರ ಮಗ ಫೋನು ಮಾಡಿ ಸುದ್ದಿ ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆದರೆ ಅವತ್ತು ಅವರನ್ನು ಕಳಿಸಿ ನನ್ನ ಬಸ್ಸಿನಲ್ಲಿ ಕೂತವಳು, ಅಮ್ಮ, ಅಮ್ಮ ಎನ್ನುತ್ತ ಈಸ್ಟ್ ಹ್ಯಾಮ್ ಬರುವವರೆಗೂ ಅತ್ತೆ.