ಅವರೆಕಾಳಿನ ಮನೆಪಾಠ

ತಗಡೂರಿನ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ನಾನು ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಿದ್ದೆ. ನಗುನಗುತ್ತಾ ಕ್ಯಾನು ತಂದವರ ಹಾಲಿಗೇ ಮೊದಲು ಲ್ಯಾಕ್ಟೋಮೀಟರ್ ಬಿಡುತ್ತಿದ್ದೆ. ಬೆಣ್ಣೆಯಂಥ ಮಾತಿನವರು ನೀರು ಬೆರೆಸದೆ ಬಂದದ್ದು ಕಡಿಮೆ. ಅನುಮಾನಪಡುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ ಅದು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ತರಗತಿಯೆಲ್ಲ ಒಟ್ಟಿಗೆ ಮಗ್ಗಿ ಕೂಗಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ರೇಡಿಯೋ ಜಾಹೀರಾತು, ಬಸ್ಸಿನ ಬೋರ್ಡು ಎಲ್ಲ ತನ್ನಷ್ಟಕ್ಕೆ ಒಪ್ಪಿಸುತ್ತಿದ್ದಳೇ ಹೊರತು, ನನ್ನ ಮುಖ ನೋಡಿ ಒಂದು ಮಾತು ಆಡಿದವಳಲ್ಲ. "ಕೈ ಕಟ್ಕೊಂಡು ಕೂತ್ಕೊ ಅಂದ್ರೆ ಕೂರಕಿಲ್ಲ ಕಣಮ್ಮ. ಮನೇಲೇ ಇಟ್ಕೊ" ಎಂದು ಹೆಡ್‌ಮೇಷ್ಟ್ರು ಕೈತೊಳೆದುಕೊಂಡಿದ್ದರು.

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಅವಳು ಬೋರ್ಡು ಓದುತ್ತಿದ್ದದ್ದನ್ನು ಕೇಳಿಸಿಕೊಂಡು ಒಬ್ಬರು ಮೇಡಂ ನಮ್ಮ ಹತ್ತಿರ ಬಂದರು. ಟಿ. ನರಸೀಪುರದಲ್ಲಿ ಪಾಠ ಮಾಡಿ ನಿವೃತ್ತರಾಗಿ, ನಂಜನಗೂಡಿನಲ್ಲಿ ಒಬ್ಬರೇ ಇದ್ದವರು. "ಇವಳನ್ನ ನನ್ನ ಹತ್ರ ಬಿಡಿ. ದುಡ್ಡೇನೂ ಬೇಡ" ಎಂದರು. ದುಡ್ಡು ಬೇಡ ಎಂದದ್ದೇ ನನಗೆ ಸರಿಬರಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ. ಬೆಳಗಿನ ಹಾಲು ಮುಗಿಸಿ ಬಸ್ಸಿನಲ್ಲಿ ಕರೆತಂದು ಬಿಟ್ಟು, ಸಂಜೆಯ ಹಾಲಿಗೆ ಮುಂಚೆ ಕರೆದೊಯ್ಯತೊಡಗಿದೆ.

ಸಂಕ್ರಾಂತಿ ಹತ್ತಿರವಾದಾಗ ಮಗಳ ಬೆರಳ ತುದಿಗಳು ಸುಕ್ಕುಗಟ್ಟಿದ್ದು ಕಂಡೆ. ಮೂಸಿ ನೋಡಿದೆ. ಅವರೆಕಾಯಿಯ ಸೊಗಡು! ಮರುದಿನವೂ ಅದೇ. ಹಿತಕಬೇಳೆಗೆ ನೆನೆಸಿದ ಕಾಳನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ಬಿಡಿಸುವುದೆಂದರೆ ನಮ್ಮ ಕಡೆ ಹೆಂಗಸರು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತಾರೆ. ಈ ಮೇಡಂಗೆ ಬಿಟ್ಟಿ ಆಳು ಸಿಕ್ಕಿದೆ, ಬಾಯಿಲ್ಲದ ಮಗು ಯಾರಿಗೆ ಹೇಳೀತು ಎಂದು ಹೊಟ್ಟೆ ಉರಿಯಿತು. ನಮ್ಮತ್ತೆ ಬೇರೆ, "ನಾನು ಅವತ್ತೇ ಯೋಳ್ನಿಲ್ವಾ? ಸುಮ್ಸುಮ್ನೆ ಯಾರು ಪಾಠ ಯೋಳ್ಕೊಟ್ಟಾರು?" ಎಂದು ಒಗ್ಗರಣೆ ಹಾಕಿದರು. ಇನ್ನು ಕಳಿಸುವುದಿಲ್ಲ ಎಂದು ತೀರ್ಮಾನಿಸಿದೆ. ಅದಕ್ಕೆ ಮುಂಚೆ ಕಣ್ಣಾರೆ ಹಿಡಿಯಬೇಕಿತ್ತು.

ಮರುದಿನ ಬಿಟ್ಟು ಬಂದವಳು ಮಧ್ಯಾಹ್ನವೇ ಹಿಂತಿರುಗಿ, ಅರೆತೆರೆದ ಬಾಗಿಲ ಮರೆಯಲ್ಲಿ ನಿಂತೆ. ಮಗಳ ಮುಂದೆ ಕಾಳಿನ ಬೋಗುಣಿ. ಪಕ್ಕದಲ್ಲಿ ಮೇಡಂ, ಅವಳತ್ತ ನೋಡದೆ, ತಾವೂ ಹಿಚುಕುತ್ತಾ ಮೆಲ್ಲಗೆ ಕೇಳುತ್ತಿದ್ದರು.

"ನಮ್ಮ ಕಪಿಲೆ ಇಲ್ಲಿಂದ ಎತ್ಲಾಗೆ ಹೋಗ್ತಾಳೆ ಪುಟ್ಟಿ?"

"ನರಸೀಪುರಕ್ಕೆ."

"ಅಲ್ಲಿ ಏನಾಗುತ್ತೆ?"

"ಕಾವೇರಿಗೆ ಸೇರ್ಕತಳೆ."

ಗಿಣಿಪಾಠ, ನಾನು ಬಂದದ್ದು ಕಂಡು ನಾಟಕ ಆಡಿಸುತ್ತಿದ್ದಾರೆ ಎಂದುಕೊಂಡೆ. ಒಳಗೆ ನುಗ್ಗಿದೆ. "ಇದೇನಾ ಮೇಡಂ ನಿಮ್ಮ ಪಾಠ?"

ಅವರು ಗಾಬರಿಯಾಗಲಿಲ್ಲ. "ಕೈಗೆ ಕೆಲಸ ಇದ್ರೆ ಕೇಳಿಸ್ಕೊಳ್ತಾಳೆ ಕಣಮ್ಮ. ಸುಮ್ನೆ ಕೂರ್ಸಿದ್ರೆ ಕೈ ಕಿವಿಗೆ ಹೋಗ್ಬಿಡುತ್ತೆ."

"ಇಷ್ಟು ಬೇಳೆ ಯಾರು ತಿಂತಾರೆ?"

"ನಾವಿಬ್ರೇ. ದಿನಾ ಅದೇ ಸಾರು ತಿಂದು ನನಗಂತೂ ನಾಲಗೆ ಕೆಟ್ಟೋಗಿದೆ."

ನಂಬಲಿಲ್ಲ. ಅಡುಗೆಮನೆಗೂ ಇಣುಕಿ ನೋಡಿದೆ, ಬೇರೆ ಯಾರಿಗಾದರೂ ಮಾಡಿಕೊಡುತ್ತಾರೇನೋ ಎಂದು. ಒಂದು ಸಣ್ಣ ಪಾತ್ರೆಯಲ್ಲಿ ಸಾರು ಇತ್ತು, ಅಷ್ಟೇ. ಆದರೂ ಮಗಳ ತೋಳು ಹಿಡಿದು "ನಡಿ" ಎಂದೆ. ಎಳೆದ ಕಡೆಗೆ ಬರುತ್ತಿದ್ದ ಹುಡುಗಿ ಅಂದು ತೋಳು ಕೊಸರಿಕೊಂಡಳು. ತಲೆಯೆತ್ತಿ ನೇರ ನನ್ನ ಮುಖ ನೋಡಿದಳು.

"ಅವ್ವ, ನಾ ಬರಕಿಲ್ಲ. ಇನ್ನೂ ಅದೆ."

ಇದು ಯಾವ ಬಸ್ಸಿನ ಬೋರ್ಡಿನಲ್ಲೂ ಇರಲಿಲ್ಲ. ನಾನು ಹಗಲೂ ರಾತ್ರಿ ಹಂಬಲಿಸಿದ್ದ ಮಾತು ಬಂದದ್ದು, ನನ್ನ ಜೊತೆ ಬರುವುದಿಲ್ಲ ಎಂದು ಹೇಳಲು. ಸಂಕಟವೂ ಆಯಿತು, ಕುಣಿದಾಡುವಷ್ಟು ಸಂತೋಷವೂ ಆಯಿತು. ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಅವಳಿಗೆ ನನ್ನ ಅಳು ಬೇಕಿರಲಿಲ್ಲ. ಮತ್ತೆ ಬೋಗುಣಿಗೆ ಕೈಹಾಕಿ, ಮೇಡಂ ಕಡೆ ತಿರುಗಿ ಕೇಳಿದಳು:

"ಕಾವೇರಿಗೆ ಸೇರ್ಕಂಡು ಆಮೇಲೆ ಎಲ್ಲಿಗೆ ಓಯ್ತಳೆ?"